ಐದನೇ ದಿನ ಸೂಜಿ: ಯುದ್ಧದಲ್ಲಿ ಗಾಯಗೊಂಡ ಸಾಮಾನ್ಯ ಜನರಿಗೆ ಆಪರೇಷನ್ ಮಾಡಲು ಹೋಗುವವರಿಗೆ

ಮೊದಲ ಸಲ ಯುದ್ಧ ನಡೆಯುವ ಜಾಗದ ಆಸ್ಪತ್ರೆಗೆ ಹೋದಾಗ ನಾನು ಮಾಡಿದ ಮೊದಲ ತಪ್ಪು, ಒಂದು ಗಾಯವನ್ನು ಚೆಂದ ಮಾಡಿ ಹೊಲಿದದ್ದು. ಹನ್ನೆರಡು ವರ್ಷದ ಹುಡುಗ. ತೊಡೆಗೆ ಶೆಲ್ಲಿನ ಚೂರು ಹೊಕ್ಕಿತ್ತು, ಹೊರಗಿಂದ ನೋಡಿದರೆ ಹೆಬ್ಬೆರಳು ತೂರುವಷ್ಟು ತೂತು, ಅಷ್ಟೇ. ತೊಳೆದೆ, ಅಂಚು ಕತ್ತರಿಸಿದೆ, ನಾಲ್ಕು ಹೊಲಿಗೆ ಹಾಕಿದೆ. ಮೂರನೇ ದಿನ ಕಾಲು ಊದಿ ಜ್ವರ ಏರಿತು. ಹೊಲಿಗೆ ಬಿಚ್ಚಿದರೆ ಒಳಗೆ ಕೀವು, ಕಪ್ಪಗಾದ ಮಾಂಸ, ಅವನ ಪ್ಯಾಂಟಿನದೇ ಒಂದು ಚೂರು ಬಟ್ಟೆ. ಕಾಲು ಉಳಿಯಿತು, ಆದರೆ ಅದಕ್ಕೆ ಇನ್ನೂ ಐದು ಸಲ ಆಪರೇಷನ್ ಥಿಯೇಟರಿಗೆ ಹೋಗಬೇಕಾಯಿತು. ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದ ಹಿರಿಯ ನರ್ಸಮ್ಮ ಒಬ್ಬರಿದ್ದರು, ಅವರು ಬೈಯಲಿಲ್ಲ. ಇಲ್ಲಿ ನಾವು ಸೂಜಿ ಕೊಡುವುದು ಐದನೇ ದಿನಕ್ಕೆ ಡಾಕ್ಟ್ರೇ ಅನ್ನುವ ಅರ್ಥದಲ್ಲಿ ಏನೋ ಹೇಳಿ, ಟ್ರೇ ಎತ್ತಿಕೊಂಡು ಹೋದರು.

ಇಲ್ಲಿಂದ ಇಂಥ ಕೆಲಸಕ್ಕೆ ಹೋಗುವ ಸರ್ಜನ್‌ಗಳು, ಅನಸ್ತೇಶಿಯಾದವರು, ನರ್ಸ್‌ಗಳು ನನ್ನನ್ನು ಆಗಾಗ ಕೇಳುತ್ತಾರೆ, ಏನು ಕಲಿತು ಹೋಗಬೇಕು ಅಂತ. ಕಲಿಯುವುದಕ್ಕಿಂತ ಜಾಸ್ತಿ ಬಿಡುವುದಿದೆ. ಅದನ್ನೇ ಬರೆಯುತ್ತೇನೆ.

ಆಸ್ಪತ್ರೆಗಿಂತ ಮುಂಚಿನ ಕೆಲಸ

ಗುಂಡು ಬಿದ್ದ ಜಾಗದಿಂದ ನಿಮ್ಮ ಟೇಬಲ್‌ವರೆಗೆ ಎಷ್ಟು ಹೊತ್ತು ಹಿಡಿಯುತ್ತದೆ? ಮೊದಲು ಇದನ್ನು ಕೇಳಿ ತಿಳಿದುಕೊಳ್ಳಿ. ನಾವೆಲ್ಲ ಕಾಲೇಜಿನಲ್ಲಿ "ಗೋಲ್ಡನ್ ಅವರ್", ಅಂದರೆ ಗಾಯವಾದ ಮೊದಲ ಒಂದು ಗಂಟೆಯೊಳಗೆ ಚಿಕಿತ್ಸೆ ಸಿಗಬೇಕು ಅನ್ನುವುದನ್ನು ಉರು ಹೊಡೆದವರು. ಉತ್ತರ ಇರಾಕ್ ಮತ್ತು ಕಾಂಬೋಡಿಯಾದ ನೆಲಬಾಂಬ್ ಇರುವ ಹಳ್ಳಿಗಳಲ್ಲಿ 1997ರಿಂದ 2001ರವರೆಗೆ ನಾರ್ವೆಯ ಸರ್ಜನ್ ಹಾನ್ಸ್ ಹುಸುಮ್ ಮತ್ತು ಅವರ ಜೊತೆಯವರು ಒಂದು ಕೆಲಸ ಮಾಡಿದರು. ಅಲ್ಲಿ ಗಾಯಾಳು ಆಸ್ಪತ್ರೆ ಮುಟ್ಟಲು ಸರಾಸರಿ 5.7 ಗಂಟೆ ಬೇಕಿತ್ತು. ಗೋಲ್ಡನ್ ಅವರ್ ಎಲ್ಲಿ ಬಂತು? ಅವರು ಹೊಸ ಆಸ್ಪತ್ರೆ ಕಟ್ಟಲಿಲ್ಲ, ಹೆಲಿಕಾಪ್ಟರ್ ತರಲಿಲ್ಲ. ಸ್ಥಳೀಯರಲ್ಲೇ 135 ಜನರನ್ನು ಪ್ಯಾರಾಮೆಡಿಕ್‌ಗಳಾಗಿ ತಯಾರು ಮಾಡಿದರು, 5,200 ಸಾಮಾನ್ಯ ಹಳ್ಳಿಗರಿಗೆ ಮೊದಲ ಆರೈಕೆ ಕಲಿಸಿದರು. ರಕ್ತ ನಿಲ್ಲಿಸುವುದು, ಉಸಿರಾಟದ ದಾರಿ ಬಿಡಿಸುವುದು, ಮೈ ಬೆಚ್ಚಗಿಡುವುದು, ಇಂಥವು. ಮೊದಲು ಗಾಯಗೊಂಡ ನೂರರಲ್ಲಿ ನಲವತ್ತು ಜನ ಸಾಯುತ್ತಿದ್ದರು, ಕೊನೆಗೆ ಅದು 14.9ಕ್ಕೆ ಇಳಿಯಿತು. ಇಷ್ಟು ಜೀವ ಉಳಿಸುವ ಸರ್ಜನ್ ಯಾವ ಥಿಯೇಟರಿನಲ್ಲೂ ಇಲ್ಲ, ನಾನೂ ಸೇರಿ.

ಆದ್ದರಿಂದ ನೀವು ಹೋದ ಮೊದಲ ವಾರವೇ, ಗಾಯಾಳುಗಳನ್ನು ಹೊತ್ತು ತರುವವರು ಯಾರು ಅಂತ ಹುಡುಕಿ. ಟ್ಯಾಕ್ಸಿ ಓಡಿಸುವವರು, ಪಿಕಪ್ ಇಟ್ಟುಕೊಂಡವರು, ಮಸೀದಿಯ ಹುಡುಗರು, ಊರಿನ ಸೂಲಗಿತ್ತಿ. ಅವರನ್ನು ಕೂಡಿಸಿ ಒಂದು ಮಧ್ಯಾಹ್ನ ಕೈಯಾರೆ ಮಾಡಿಸಿ ತೋರಿಸಿ. ಭಾಷಣ ಬೇಡ. ಗಾಯದೊಳಗೆ ಗಾಜ್ ಬಟ್ಟೆ ಬೆರಳಿನಿಂದ ತುಂಬಿ, ಗಟ್ಟಿ ಒತ್ತಿ ಹಿಡಿದು, ಮೇಲೆ ಎಳೆಯುವ ಬ್ಯಾಂಡೇಜು ಬಿಗಿಯಾಗಿ ಸುತ್ತುವುದನ್ನು ಕಲಿಸಿ. ಬಹಳಷ್ಟು ರಕ್ತ ಇಷ್ಟಕ್ಕೇ ನಿಲ್ಲುತ್ತದೆ. ನಿಲ್ಲದಿದ್ದರೆ, ಕೈ ಅಥವಾ ಕಾಲು ಹರಿದೇ ಹೋಗಿದ್ದರೆ, ಟೂರ್ನಿಕೆ, ಅಂದರೆ ರಕ್ತದ ಹರಿವನ್ನೇ ತಡೆಯುವ ಬಿಗಿ ಪಟ್ಟಿ, ಕಟ್ಟಬೇಕು. ಗಾಯಕ್ಕಿಂತ ನಾಲ್ಕು ಬೆರಳು ಮೇಲಕ್ಕೆ, ಕೀಲಿನ ಮೇಲೆ ಅಲ್ಲ. ಕಟ್ಟಿದ ಹೊತ್ತನ್ನು ಹಣೆಯ ಮೇಲೋ ಬಟ್ಟೆಯ ಮೇಲೋ ಬರೆಯಬೇಕು. ಇಲ್ಲೊಂದು ಎಡವಟ್ಟು ಆಗುತ್ತದೆ. ಶಾಲು, ಬೆಲ್ಟು, ಹಗ್ಗ ಏನಾದರೂ ತಂದು ಸಡಿಲವಾಗಿ ಕಟ್ಟಿಬಿಡುತ್ತಾರೆ. ಆಗ ಹೃದಯಕ್ಕೆ ಹಿಂದಿರುಗುವ ರಕ್ತ ಮಾತ್ರ ನಿಂತು, ಒಳಗೆ ಬರುವ ರಕ್ತ ಬರುತ್ತಲೇ ಇರುತ್ತದೆ, ಗಾಯ ಮೊದಲಿಗಿಂತ ಜಾಸ್ತಿ ಸುರಿಯುತ್ತದೆ. ಸಡಿಲ ಕಟ್ಟುವುದಕ್ಕಿಂತ ಕಟ್ಟದಿರುವುದೇ ವಾಸಿ. ಎರಡು ಗಂಟೆ ದಾಟಿದರೆ ಆ ಕೈಕಾಲಿಗೇ ಅಪಾಯ ಶುರುವಾಗುತ್ತದೆ, ಹಾಗಾಗಿ ದೂರದ ದಾರಿಯಲ್ಲಿ ಇದು ಕೊನೆಯ ಉಪಾಯ.

ಮತ್ತೆ ಕಂಬಳಿ. ಮರುಭೂಮಿಯಲ್ಲೂ ಕಂಬಳಿ ಬೇಕು. ರಕ್ತ ಹೋದವನ ಮೈ 40 ಡಿಗ್ರಿ ಬಿಸಿಲಲ್ಲೂ ತಣ್ಣಗಾಗುತ್ತದೆ, ತಣ್ಣಗಾದ ಮೈಯಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ.

ಊರು ದೊಡ್ಡದಾಗಿ, ಯುದ್ಧ ಬೀದಿ ಬೀದಿಯಲ್ಲಿ ನಡೆದರೆ ಇಷ್ಟು ಸಾಲುವುದಿಲ್ಲ. ಇರಾಕಿನ ಮೋಸುಲ್ ನೋಡಿ. 2016ರ ಅಕ್ಟೋಬರ್ 17ಕ್ಕೆ ಕದನ ಶುರುವಾದಾಗ ಗಾಯಾಳುಗಳು ಸುಮಾರು 80 ಕಿ.ಮೀ. ದೂರದ ಎರ್ಬಿಲ್‌ಗೆ ಹೋಗಬೇಕಿತ್ತು, ನಡುವೆ ಚೆಕ್‌ಪೋಸ್ಟುಗಳು ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಆಗ ಎರಡು ಮೆಟ್ಟಿಲು ಕಟ್ಟಿತು. ಕಾದಾಟದ ಸಾಲಿಗೆ ಹತ್ತಿರದಲ್ಲೇ ರಕ್ತ ನಿಲ್ಲಿಸಿ ಉಸಿರು ಉಳಿಸುವ ಪುಟ್ಟ ಕೇಂದ್ರಗಳು, ಅಲ್ಲಿಂದ ಒಂದು ಗಂಟೆಯೊಳಗೆ ಮುಟ್ಟಬಹುದಾದ ಫೀಲ್ಡ್ ಆಸ್ಪತ್ರೆಗಳು. ಬಾರ್ಟೆಲ್ಲಾ ಎಂಬಲ್ಲಿ 2017ರ ಜನವರಿಯಲ್ಲಿ ಒಂದು ತೆರೆಯಿತು. ಮೆಟ್ಟಿಲಿನ ಈ ಲೆಕ್ಕ ಸೈನ್ಯಗಳಿಗೆ ಹಳೆಯದು, ಸಾಮಾನ್ಯ ಜನರಿಗೆ ಇಷ್ಟು ದೊಡ್ಡ ಮಟ್ಟದಲ್ಲಿ ಮಾಡಿದ್ದು ಅಪರೂಪ. ಆದರೆ ಅದಕ್ಕೊಂದು ಬೆಲೆ ಇತ್ತು. ಕಾದಾಟದ ಸಾಲಿನ ಹತ್ತಿರದ ಕೇಂದ್ರಗಳ ತಂಡಗಳು ಇರಾಕಿ ಸೈನ್ಯದ ಜೊತೆಜೊತೆಗೇ ಇರಬೇಕಾಯಿತು. ಹಾಗಿದ್ದರೆ ನೀವು ಯಾರ ಡಾಕ್ಟರು ಅನ್ನುವ ಪ್ರಶ್ನೆ ಏಳುತ್ತದೆ ಅಲ್ವಾ? ಈ ಜಗಳ ಇನ್ನೂ ಮುಗಿದಿಲ್ಲ. ನನ್ನ ಮಟ್ಟಿಗೆ, ಸೈನ್ಯದ ಕಾವಲಿಲ್ಲದೆ ಹೋಗಲಾಗದ ಜಾಗಕ್ಕೆ ನಾನು ಹೋಗಲಾರೆ. ಆದರೆ ಹೋದವರನ್ನು ದೂರುವ ಮುಖವೂ ನನಗಿಲ್ಲ.

ಬಾಗಿಲಲ್ಲಿ

ಒಮ್ಮೆಗೇ ಮೂವತ್ತು ಜನ ಬರುತ್ತಾರೆ. ಮೂವತ್ತು ಗಾಯಾಳು ಅಂದರೆ ನೂರೈವತ್ತು ಜನ ಅಂತ ಲೆಕ್ಕ ಹಾಕಿ. ಅಮ್ಮ, ಅಪ್ಪ, ಚಿಕ್ಕಪ್ಪ, ಪಕ್ಕದ ಮನೆಯವರು, ಬಂದೂಕು ಹಿಡಿದ ಅಣ್ಣ. ಸೈನಿಕನಿಗೂ ಸಾಮಾನ್ಯ ಗಾಯಾಳುವಿಗೂ ಇರುವ ದೊಡ್ಡ ವ್ಯತ್ಯಾಸ ಇದೇ, ಇವರು ಮನೆಮಂದಿಯ ಸಮೇತ ಬರುತ್ತಾರೆ. ಬಂದೂಕು ಗೇಟಿನ ಹೊರಗೆ, ಇದರಲ್ಲಿ ರಾಜಿ ಬೇಡ. ಕಾವಲುಗಾರ ಸ್ಥಳೀಯನಾಗಿರಲಿ, ವಯಸ್ಸಾದವನಾಗಿರಲಿ, ಜೋರು ದನಿ ಇಲ್ಲದವನಾಗಿರಲಿ. ಒಬ್ಬ ಗಾಯಾಳುವಿಗೆ ಒಬ್ಬರೇ ಜೊತೆಗಾರರು, ಉಳಿದವರಿಗೆ ಹೊರಗೆ ನೆರಳು, ನೀರು ಮತ್ತು ಗಂಟೆಗೊಮ್ಮೆ ಸುದ್ದಿ ಹೇಳುವ ಒಬ್ಬ ಮನುಷ್ಯ. ಈ ಸುದ್ದಿ ಹೇಳುವವನನ್ನು ಮರೆತ ಆಸ್ಪತ್ರೆಗಳಲ್ಲೇ ಬಾಗಿಲು ಮುರಿಯುವುದು.

ವಿಂಗಡಿಸುವವರು ಒಬ್ಬರೇ ಇರಬೇಕು, ಎಲ್ಲರಿಗಿಂತ ಅನುಭವಿ ಇರಬೇಕು, ಮತ್ತು ಅವರು ಯಾರಿಗೂ ಚಿಕಿತ್ಸೆ ಮಾಡಬಾರದು. ಕೈ ಹಾಕಿದರೆ ಮುಗಿಯಿತು, ಒಬ್ಬನ ಹತ್ತಿರವೇ ಸಿಕ್ಕಿಕೊಳ್ಳುತ್ತಾರೆ. ರೆಡ್‌ಕ್ರಾಸ್‌ನವರು ನಾಲ್ಕು ಗುಂಪು ಮಾಡುತ್ತಾರೆ. ಒಂದು, ಈಗಲೇ ಆಪರೇಷನ್. ಎರಡು, ಆಪರೇಷನ್ ಬೇಕು ಆದರೆ ಕಾಯಬಹುದು. ಮೂರು, ಸಣ್ಣ ಗಾಯ, ಥಿಯೇಟರ್ ಬೇಡ. ನಾಲ್ಕು, ಏನು ಮಾಡಿದರೂ ಉಳಿಯುವುದಿಲ್ಲ.

ನಾಲ್ಕನೇ ಗುಂಪಿನ ಬಗ್ಗೆ ಯಾರೂ ಮಾತಾಡುವುದಿಲ್ಲ, ಹಾಗಾಗಿ ಸ್ವಲ್ಪ ಹೇಳುತ್ತೇನೆ. ನಮ್ಮಲ್ಲಿ ನೂರು ಹಾಸಿಗೆಯ ಆಸ್ಪತ್ರೆಯಲ್ಲಿ ತಲೆಗೆ ಗುಂಡು ಹೊಕ್ಕು ಆಚೆ ಬಂದವನನ್ನೂ ವೆಂಟಿಲೇಟರಿಗೆ ಹಾಕುತ್ತೇವೆ, ಬೆಂಗಳೂರಿಗೆ ಕಳಿಸುತ್ತೇವೆ, ಪ್ರಯತ್ನ ಪಟ್ಟೆವು ಅನ್ನುವ ಸಮಾಧಾನ ಇರುತ್ತದೆ. ಅಲ್ಲಿ ಅವನಿಗೆ ಕೊಡುವ ಎರಡು ಗಂಟೆ ಹೊಟ್ಟೆಯಲ್ಲಿ ರಕ್ತ ಹೋಗುತ್ತಿರುವ ಹುಡುಗಿಯ ಎರಡು ಗಂಟೆ. ಇದನ್ನು ಮೊದಲೇ ತಂಡದಲ್ಲಿ ಕೂತು ಮಾತಾಡಿಕೊಳ್ಳಿ, ಆ ಹೊತ್ತಿಗೆ ಅಲ್ಲ. ನಾಲ್ಕನೇ ಗುಂಪಿಗೆ ಮೂಲೆಯ ನೆಲ ಕೊಡಬೇಡಿ. ಪರದೆ, ನೋವಿನ ಔಷಧಿ, ಒಬ್ಬ ನರ್ಸ್, ಮನೆಯವರಿಗೆ ಪಕ್ಕದಲ್ಲಿ ಕೂರುವ ಅವಕಾಶ, ಇಷ್ಟಾದರೂ ಇರಲೇಬೇಕು. ಗಂಟೆಗೊಮ್ಮೆ ಮತ್ತೆ ನೋಡಿ. ನೂಕುನುಗ್ಗಲು ಕಡಿಮೆಯಾದ ಮೇಲೆ ಅಲ್ಲಿಂದ ಒಂದನೇ ಗುಂಪಿಗೆ ಬಂದವರನ್ನು ನಾನು ಕಂಡಿದ್ದೇನೆ.

ಹೆಸರು ಕೇಳುತ್ತ ನಿಲ್ಲಬೇಡಿ, ಕೈಗೆ ನಂಬರಿನ ಪಟ್ಟಿ ಕಟ್ಟಿ. ಒಂದೇ ಹೆಸರಿನವರು ನಾಲ್ಕು ಜನ ಇರುತ್ತಾರೆ, ಮಕ್ಕಳು ಹೆಸರು ಹೇಳುವ ಸ್ಥಿತಿಯಲ್ಲಿರುವುದಿಲ್ಲ. ತಿಂಗಳಿಗೊಮ್ಮೆ ಸುಳ್ಳು ಗಾಯಾಳುಗಳನ್ನು ಮಲಗಿಸಿ ತಾಲೀಮು ಮಾಡಿ. ಅಡುಗೆಯವರು, ಕಸ ಗುಡಿಸುವವರೂ ಸೇರಲಿ, ಸ್ಟ್ರೆಚರ್ ಹೊರುವವರು ಅವರೇ ತಾನೆ.

ರಕ್ತ, ನಿದ್ದೆ, ಒಂದು ಅಗ್ಗದ ಔಷಧಿ

ರಕ್ತಸ್ರಾವ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಎಲ್ಲರಿಗೂ ಗೊತ್ತು, ನಮ್ಮಲ್ಲಿ ಹೆರಿಗೆ ವಾರ್ಡಿನಲ್ಲೂ ಕೊಡುತ್ತೇವೆ. 2010ರಲ್ಲಿ ಬಂದ ಕ್ರಾಶ್-2 ಅಧ್ಯಯನದಲ್ಲಿ 20,211 ಗಾಯಾಳುಗಳ ಮೇಲೆ ನೋಡಿದರು, ಸಾವು ಕಡಿಮೆಯಾಯಿತು. ದೊಡ್ಡವರಿಗೆ 1 ಗ್ರಾಂ ಹತ್ತು ನಿಮಿಷದಲ್ಲಿ, ಆಮೇಲೆ 1 ಗ್ರಾಂ ಎಂಟು ಗಂಟೆಯ ಡ್ರಿಪ್ಪಿನಲ್ಲಿ. ಗಾಯವಾದ ಮೂರು ಗಂಟೆಯೊಳಗೆ ಮಾತ್ರ. ಮೂರು ಗಂಟೆ ಕಳೆದ ಮೇಲೆ ಕೊಟ್ಟರೆ ಉಪಕಾರ ಇಲ್ಲ, ಕೆಡುಕಾಗಬಹುದು. ಅದಕ್ಕೇ ಹೊತ್ತು ಬರೆಯಿರಿ ಅಂತ ಪದೇ ಪದೇ ಹೇಳುವುದು. ನಾಲ್ಕು ಗಂಟೆ ಪಿಕಪ್‌ನಲ್ಲಿ ಬಂದವನಿಗೆ ಅಭ್ಯಾಸಬಲದಿಂದ ಚುಚ್ಚಿಬಿಡಬೇಡಿ.

ಬ್ಲಡ್ ಬ್ಯಾಂಕ್ ಇರುವುದಿಲ್ಲ. ಇದ್ದರೂ ಕರೆಂಟ್ ಇರುವುದಿಲ್ಲ. ನಡೆದಾಡುವ ಬ್ಲಡ್ ಬ್ಯಾಂಕ್ ಮಾಡಿಕೊಳ್ಳಿ. ಸಿಬ್ಬಂದಿ, ಗಾಯಾಳುಗಳ ಮನೆಯವರು, ಊರಿನವರ ರಕ್ತದ ಗುಂಪು ಮೊದಲೇ ನೋಡಿ ಪಟ್ಟಿ ಇಟ್ಟುಕೊಳ್ಳುವುದು, ಬೇಕಾದಾಗ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಗೆ ಕಿಟ್‌ನಲ್ಲಿ ಪರೀಕ್ಷೆ ಮಾಡಿ ಬೆಚ್ಚಗಿನ ಇಡೀ ರಕ್ತವನ್ನೇ ಕೊಡುವುದು. ರಕ್ತ ಸುರಿದವನಿಗೆ ಲೀಟರುಗಟ್ಟಲೆ ಸಲೈನ್ ಹಾಕಿ ಬಿಪಿ ಏರಿತು ಅಂತ ಖುಷಿ ಪಡಬೇಡಿ, ಉಳಿದ ರಕ್ತವನ್ನು ತೆಳು ಮಾಡಿ ತಣ್ಣಗೆ ಮಾಡಿದ್ದೀರಿ, ಅಷ್ಟೆ.

ಅನಸ್ತೇಶಿಯಾಗೆ ಕೆಟಮಿನ್. ಬಿಪಿ ಬೀಳಿಸುವುದಿಲ್ಲ, ಉಸಿರಾಟ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ, ಫ್ರಿಜ್ ಬೇಡ, ದೊಡ್ಡ ಮಷಿನ್ ಬೇಡ. ಹಾಗಂತ ಆಕ್ಸಿಮೀಟರ್ ಇಲ್ಲದೆ, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಕೈಗೆಟುಕದೆ ಶುರು ಮಾಡಬೇಡಿ.

ಕತ್ತರಿಸುವುದು, ತೊಳೆಯುವುದು, ಬಿಟ್ಟುಬಿಡುವುದು

ಈಗ ನನ್ನ ಹುಡುಗನ ತೊಡೆಗೆ ಬರೋಣ.

ಅಡುಗೆಮನೆ ಚಾಕು ತಗುಲಿದ ಗಾಯಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಗುಂಡು ಅಥವಾ ಶೆಲ್ಲಿನ ಚೂರು ಹೋದ ದಾರಿಯ ಸುತ್ತಲಿನ ಮಾಂಸ ಜಜ್ಜಿ ಹೋಗಿರುತ್ತದೆ, ಜೊತೆಗೆ ಬಟ್ಟೆ, ಮಣ್ಣು, ಸಗಣಿ ಒಳಗೆ ಹೊಕ್ಕಿರುತ್ತದೆ. ಹಾವೇರಿ ಕಡೆ ಹೋರಿ ಹಬ್ಬದ ದಿನಗಳಲ್ಲಿ ಡ್ಯೂಟಿ ಮಾಡಿದವರಿಗೆ ಕೊಂಬು ತಿವಿದ ಗಾಯ ಗೊತ್ತಿರುತ್ತದೆ, ಹೊರಗೆ ಸಣ್ಣ ಬಾಯಿ, ಒಳಗೆ ಗುಹೆ. ಸುಮಾರು ಹಾಗೇ, ಇನ್ನೂ ಕೆಟ್ಟದಾಗಿ. ನೆಲಬಾಂಬ್ ತುಳಿದ ಕಾಲಂತೂ ಬೇರೆಯೇ. ಸ್ಫೋಟ ಆದಾಗ ಚರ್ಮ, ಮೇಲಿನ ಮಾಂಸ ಗಾಳಿಗೆ ಮಗುಚಿದ ಕೊಡೆಯ ಹಾಗೆ ಬಿಚ್ಚಿಕೊಂಡು ಮತ್ತೆ ಮುಚ್ಚಿಕೊಳ್ಳುತ್ತದೆ. ಆ ಒಂದು ಕ್ಷಣದಲ್ಲಿ ಮಣ್ಣು, ಹುಲ್ಲು, ಚಪ್ಪಲಿ ಚೂರು ಮೊಣಕಾಲಿನ ತನಕ ಏರಿರುತ್ತದೆ. ಹೊರಗೆ ಚರ್ಮ ಚೆನ್ನಾಗಿಯೇ ಕಾಣುತ್ತದೆ, ಮೋಸ ಹೋಗಬೇಡಿ.

ಹೀಗೆ ಮಾಡಿ. ಗಾಯವನ್ನು ಕೈಕಾಲಿನ ಉದ್ದಕ್ಕೆ ದೊಡ್ಡದು ಮಾಡಿ, ಅಡ್ಡಕ್ಕಲ್ಲ. ಚರ್ಮ ಕಡಿಮೆ ಕತ್ತರಿಸಿ, ಅದು ಗಟ್ಟಿ ಪಿಂಡ, ಆಮೇಲೆ ಬೇಕಾಗುತ್ತದೆ. ಮಾಂಸದ ಮೇಲಿನ ಬಿಳಿ ಪೊರೆಯನ್ನು ಉದ್ದಕ್ಕೂ ಬಿಚ್ಚಿ, ಊದಿದಾಗ ಒಳಗಿನ ಮಾಂಸಕ್ಕೆ ಜಾಗ ಬೇಕು. ಮಾಂಸ ಬದುಕಿದೆಯಾ ಅಂತ ನೋಡಲು ನಾಲ್ಕು ಪ್ರಶ್ನೆ: ಬಣ್ಣ ಕೆಂಪಗಿದೆಯಾ, ಮುಟ್ಟಿದರೆ ಗಟ್ಟಿಯಿದೆಯಾ ಅಥವಾ ಕೊಳೆತ ಬಾಳೆಹಣ್ಣಿನ ಹಾಗಾ, ಚಿವುಟಿದರೆ ಅದುರುತ್ತದೆಯಾ, ಕತ್ತರಿಸಿದರೆ ರಕ್ತ ಜಿನುಗುತ್ತದೆಯಾ. ಇಲ್ಲ ಅಂದದ್ದೆಲ್ಲ ಹೋಗಲಿ. ಯಾವುದಕ್ಕೂ ಅಂಟಿಕೊಂಡಿರದ ಎಲುಬಿನ ಚೂರೂ ಹೋಗಲಿ. ಗುಂಡನ್ನು ಹುಡುಕುತ್ತ ಹೋಗಬೇಡಿ. ಸಿನಿಮಾದಲ್ಲಿ ಗುಂಡು ತೆಗೆದು ತಟ್ಟೆಗೆ ಟಣ್ ಅಂತ ಹಾಕಿದರೆ ಹೀರೋ ಬದುಕುತ್ತಾನೆ. ನಿಜದಲ್ಲಿ ಅದು ಕೀಲಿನೊಳಗೋ ದೊಡ್ಡ ರಕ್ತನಾಳದ ಮೇಲೋ ಇಲ್ಲದಿದ್ದರೆ ಸುಮ್ನೆ ಬಿಡುವುದೇ ಒಳ್ಳೆಯದು. ಗುಂಡಿಗಾಗಿ ಮಾಡುವ ಅಗೆತ ಗುಂಡಿಗಿಂತ ಜಾಸ್ತಿ ಹಾಳು ಮಾಡುತ್ತದೆ. ಆಮೇಲೆ ತೊಳೆಯಿರಿ. ಬಾಟಲಿಯಲ್ಲಲ್ಲ, ಲೀಟರುಗಟ್ಟಲೆ. ಸಲೈನ್ ಮುಗಿದರೆ ಕುಡಿಯುವ ನೀರಾದರೂ ಸರಿ.

ಈಗ ಕೈಕಟ್ಟಿ ನಿಲ್ಲಿ. ಹೊಲಿಯಬೇಡಿ.

ಒಣ ಗಾಜ್ ಬಟ್ಟೆಯನ್ನು ಹಗುರಾಗಿ ಉಬ್ಬಿಸಿ ಹರಡಿ, ಬಿರಡೆ ಜಡಿದ ಹಾಗೆ ತುರುಕಬೇಡಿ, ಒಳಗಿನ ನೀರು ಹೊರಗೆ ಬರಬೇಕು. ಮೇಲೆ ದಪ್ಪ ಹತ್ತಿ, ಬ್ಯಾಂಡೇಜು. ನಾಲ್ಕೈದು ದಿನ ಮುಟ್ಟಬೇಡಿ. ನಮ್ಮ ವಾರ್ಡುಗಳಲ್ಲಿ ದಿನಾ ಬೆಳಿಗ್ಗೆ ರೌಂಡ್ಸ್‌ನಲ್ಲಿ ಡ್ರೆಸ್ಸಿಂಗ್ ಬಿಚ್ಚಿ ಇಣುಕುವ ಚಟ ಇದೆ. ಪ್ರತಿ ಸಲ ಬಿಚ್ಚಿದಾಗಲೂ ಪಕ್ಕದ ಹಾಸಿಗೆಯ ಕ್ರಿಮಿಗೆ ಆಹ್ವಾನ ಕೊಟ್ಟಂತೆ. ಜ್ವರ ಏರಿದರೆ, ನೋವು ಹೆಚ್ಚಿದರೆ, ಕೆಟ್ಟ ವಾಸನೆ ಬಂದರೆ ಮಾತ್ರ ಬಿಚ್ಚಿ, ಅದೂ ಥಿಯೇಟರಿನಲ್ಲಿ. ಐದನೇ ದಿನಕ್ಕೆ ಗಾಯ ಕೆಂಪಗೆ, ಒಣಗಿ, ಚೊಕ್ಕವಾಗಿದ್ದರೆ ಆಗ ಹೊಲಿಯಿರಿ, ಚರ್ಮ ಸಾಲದಿದ್ದರೆ ಚರ್ಮ ಕಸಿ ಮಾಡಿ. ಈ ನಿಯಮಕ್ಕೆ ಕೆಲವು ಹೊರತು ಇವೆ: ಮುಖ, ಮೆದುಳಿನ ಪೊರೆ, ಎದೆಗೂಡಿನ ಒಳಪದರ, ಕೀಲಿನ ಒಳಪೊರೆ, ಇವನ್ನು ತೆರೆದಿಡಬಾರದು. ರಕ್ತನಾಳ ಜೋಡಿಸಿದ್ದರೆ ಅದರ ಮೇಲೆ ಮಾಂಸ ಮುಚ್ಚಬೇಕು.

ಇದೇನು ಹೊಸ ವಿದ್ಯೆ ಅಲ್ಲ. 1914ರ ಮಹಾಯುದ್ಧದಲ್ಲಿ ಬೆಲ್ಜಿಯಂ, ಫ್ರಾನ್ಸಿನ ಗೊಬ್ಬರ ಹಾಕಿದ ಹೊಲಗಳಲ್ಲಿ ಬಿದ್ದ ಸೈನಿಕರ ಗಾಯ ಹೊಲಿದು ಹೊಲಿದು ಮಾಂಸ ಕೊಳೆಸುವ ಗ್ಯಾಸ್ ಗ್ಯಾಂಗ್ರಿನ್ ಸೋಂಕಿನಿಂದ ಅವರನ್ನು ಕಳೆದುಕೊಂಡ ಮೇಲೆ, ಬೆಲ್ಜಿಯಂನ ಆಂಟ್ವಾನ್ ದಪಾಜ್‌ರಂಥ ಸರ್ಜನ್‌ಗಳು ಸತ್ತ ಮಾಂಸ ತೆಗೆದು ಗಾಯ ತೆರೆದಿಡುವ ಪಾಠವನ್ನು ಗಟ್ಟಿ ಮಾಡಿದರು. ಆಮೇಲೆ ಪ್ರತಿ ಯುದ್ಧದಲ್ಲೂ ಹೊಸ ಡಾಕ್ಟರುಗಳು ಹೋಗಿ ಮತ್ತೆ ಹೊಲಿಯುತ್ತಾರೆ. ನಾನೂ ಹೊಲಿದೆ. ಒಳ್ಳೆಯ ಆ್ಯಂಟಿಬಯಾಟಿಕ್ ಇದೆಯಲ್ಲ ಅನ್ನುವ ಧೈರ್ಯ. ಸತ್ತ ಮಾಂಸಕ್ಕೆ ರಕ್ತವೇ ಹೋಗುವುದಿಲ್ಲ, ಔಷಧಿ ಹೇಗೆ ಹೋಗುತ್ತದೆ? ಪೆನಿಸಿಲಿನ್ ಗುಂಪಿನದು, ಬೇಕಾದರೆ ಮೆಟ್ರೊನಿಡಜೋಲ್, ಟಿಟನಸ್ ಇಂಜೆಕ್ಷನ್, ಸಾಕು. ದೊಡ್ಡ ದೊಡ್ಡ ಔಷಧಿ ಸುರಿದರೆ ಮಣಿಯದ ಕ್ರಿಮಿ ಬೆಳೆಯುತ್ತವೆ. ಎಂಎಸ್‌ಎಫ್ (ಗಡಿಯಿಲ್ಲದ ವೈದ್ಯರು) ಸಂಸ್ಥೆ 2006ರಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ ಇರಾಕಿನ ಗಾಯಾಳುಗಳಿಗೆ ಶುರು ಮಾಡಿದ ಆಸ್ಪತ್ರೆಗೆ ಬಂದವರಲ್ಲಿ ಅನೇಕರು ತಿಂಗಳುಗಳ ಹಿಂದೆ ಬೇರೆಲ್ಲೋ ಆಪರೇಷನ್ ಆದವರು, ಎಲುಬಿನೊಳಗೆ ಇಂಥ ಕ್ರಿಮಿ ಹೊತ್ತು ತಂದವರು.

ಅದಕ್ಕೇ ಮುರಿದ ಎಲುಬಿಗೆ ಮೊದಲ ದಿನವೇ ಪ್ಲೇಟು, ರಾಡು ಬೇಡ. ಪ್ಲಾಸ್ಟರ್, ತೂಕ ಕಟ್ಟಿ ಎಳೆಯುವುದು, ಹೊರಗಿನಿಂದ ಕಂಬಿ ಹಾಕುವ ಫಿಕ್ಸೇಟರ್, ಇವುಗಳಲ್ಲೇ ಮುಗಿಸಿ. ಇವತ್ತಿನ ಆರ್ಥೋ ಹುಡುಗರಿಗೆ ಎಳೆತ ಕಟ್ಟುವುದೇ ಬರುವುದಿಲ್ಲ, ಹಳೆಯ ಮೇಷ್ಟ್ರ ಹತ್ತಿರ ಒಂದು ವಾರ ಕೂತು ಕಲಿಯಿರಿ.

ಹೊಟ್ಟೆಗೆ ಬಿದ್ದ ಗಾಯದಲ್ಲಿ ಆಸೆ ಬೇರೆ ಥರದ್ದು, ಎಲ್ಲವನ್ನೂ ಒಂದೇ ಸಲ ಸರಿ ಮಾಡುವ ಆಸೆ. ತೂತಾದ ಹಡಗನ್ನು ಮುಳುಗದ ಹಾಗೆ ಬಂದರಿಗೆ ತರುವುದಷ್ಟೇ ಮೊದಲ ಕೆಲಸ, ಬಣ್ಣ ಬಳಿಯುವುದು ಆಮೇಲೆ. ಡ್ಯಾಮೇಜ್ ಕಂಟ್ರೋಲ್ ಅನ್ನುವ ಹೆಸರು ನೌಕಾಪಡೆಯಿಂದಲೇ ಬಂದದ್ದು. ಗಾಯಾಳು ತಣ್ಣಗಾಗಿ, ರಕ್ತ ಹುಳಿಯಾಗಿ, ಹೆಪ್ಪುಗಟ್ಟದೆ ನೀರಿನ ಹಾಗೆ ಜಿನುಗಲು ಶುರುವಾದರೆ ಒಂದೂವರೆ ಗಂಟೆಯೊಳಗೆ ಹೊರಬನ್ನಿ. ರಕ್ತ ನಿಲ್ಲಿಸಿ, ಹರಿದ ಕರುಳನ್ನು ಕಟ್ಟಿ, ಬಟ್ಟೆ ಒತ್ತಿ, ತಾತ್ಕಾಲಿಕವಾಗಿ ಮುಚ್ಚಿ. ಒಂದೆರಡು ದಿನದಲ್ಲಿ ಮತ್ತೆ ತೆರೆಯಿರಿ. ಒಂದು ಎಚ್ಚರಿಕೆ, ಈ ದಾರಿಗೆ ನಡುವಿನ ದಿನಗಳಲ್ಲಿ ನೋಡಿಕೊಳ್ಳುವವರು ಬೇಕು. ರಾತ್ರಿಗೆ ಒಬ್ಬನೇ ನರ್ಸ್, ಮರುದಿನ ಇನ್ನೂ ಮೂವತ್ತು ಜನ ಬರುವ ಸಾಧ್ಯತೆ ಇದ್ದರೆ, ತಡೆದುಕೊಳ್ಳುವ ಗಾಯಾಳುವಿಗೆ ಒಂದೇ ಸಲಕ್ಕೆ ಮುಗಿಸುವುದೂ ವಿವೇಕವೇ.

ಹೊಲಿದ ಮೇಲೆ

ಕಾಲು ಕತ್ತರಿಸಿದ ದಿನವೇ ಫಿಸಿಯೋದವರನ್ನು ಕರೆಯಿರಿ. ಮೊಣಕಾಲು ಮಡಚಿಯೇ ಮಲಗಿದರೆ ಎರಡು ವಾರದಲ್ಲಿ ಅದು ಹಾಗೇ ಸೆಟೆಯುತ್ತದೆ, ಆಮೇಲೆ ಕೃತಕ ಕಾಲು ಕೂರುವುದಿಲ್ಲ. ಮಕ್ಕಳ ಎಲುಬು ಬೆಳೆಯುತ್ತಲೇ ಇರುತ್ತದೆ, ಮೊಂಡು ಕಾಲಿನ ತುದಿ ಚರ್ಮ ಚುಚ್ಚಲು ಬರುತ್ತದೆ, ಕೃತಕ ಕಾಲು ಮತ್ತೆ ಮತ್ತೆ ಬದಲಾಗಬೇಕು. ಇದನ್ನು ಅಪ್ಪ ಅಮ್ಮನಿಗೆ ಮೊದಲೇ ಹೇಳಿ. ಕಾಬೂಲ್‌ನ ರೆಡ್‌ಕ್ರಾಸ್ ಆರ್ಥೋಪೆಡಿಕ್ ಕೇಂದ್ರದಲ್ಲಿ ಇಟಲಿಯ ಆಲ್ಬರ್ಟೋ ಕೈರೋ 1990ರಿಂದ ಒಂದು ಪದ್ಧತಿ ಬೆಳೆಸಿದರು. ಅಲ್ಲಿ ಕೃತಕ ಕಾಲು ಮಾಡುವವರು, ನಡಿಗೆ ಕಲಿಸುವವರು ಹೆಚ್ಚುಕಡಿಮೆ ಎಲ್ಲರೂ ಸ್ವತಃ ಅಂಗವಿಕಲರು. ನಡೆಯಲು ಆಗುತ್ತದೆ ಅಂತ ಎರಡು ಕಾಲಿನ ನಾನು ಹೇಳಿದರೆ ಯಾರು ನಂಬುತ್ತಾರೆ ಹೇಳಿ.

ಗೋಡೆ ಮತ್ತು ಕಡತ

ಆಸ್ಪತ್ರೆಯ ಗುರುತು ಚಾವಣಿಯ ಮೇಲೆ ದೊಡ್ಡದಾಗಿ ಇರಲಿ, ಜಿಪಿಎಸ್ ವಿವರವನ್ನು ಎಲ್ಲ ಪಕ್ಷದವರಿಗೂ ಕೊಡಿ. ಅದನ್ನೇ ನಂಬಿ ಕೂರಬೇಡಿ. ಅಫ್ಘಾನಿಸ್ತಾನದ ಕುಂದುಜ್‌ನಲ್ಲಿ ಎಂಎಸ್‌ಎಫ್ ಆಸ್ಪತ್ರೆ ತನ್ನ ಜಾಗದ ವಿವರ ಕೊಟ್ಟಿತ್ತು, ಆದರೂ 2015ರ ಅಕ್ಟೋಬರ್ 3ರಂದು ಅಮೆರಿಕದ ವಿಮಾನ ಅದರ ಮೇಲೆ ದಾಳಿ ಮಾಡಿತು, 42 ಜನ ಸತ್ತರು. ಮರುವರ್ಷ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಆಸ್ಪತ್ರೆಗಳ ರಕ್ಷಣೆಗೆ 2286ನೇ ನಿರ್ಣಯ ಮಾಡಿತು. ದಾಳಿಗಳು ನಿಂತಿಲ್ಲ. ಕಿಟಕಿಗೆ ಟೇಪು, ಗೋಡೆಗೆ ಮರಳು ಚೀಲ, ಒಂದು ಸುರಕ್ಷಿತ ಕೋಣೆ, ಬಿಟ್ಟು ಹೊರಡಬೇಕಾದರೆ ಯಾವ ಗಾಯಾಳು ಯಾರ ಜೊತೆ ಅನ್ನುವ ಪಟ್ಟಿ, ಇವು ನಿಮ್ಮ ಕೈಯಲ್ಲಿರುವವು.

ಎಷ್ಟೇ ದಣಿದಿದ್ದರೂ ಬರೆದಿಡಿ. ವಯಸ್ಸು, ಗಂಡೋ ಹೆಣ್ಣೋ, ಯಾವುದರಿಂದ ಗಾಯ, ಯಾವಾಗ ಆಯಿತು, ಯಾವಾಗ ಬಂದರು, ಏನು ಮಾಡಿದಿರಿ, ಎಷ್ಟು ಸಲ ಮತ್ತೆ ಥಿಯೇಟರಿಗೆ ಒಯ್ದಿರಿ. ಒಂದು ಪುಟ ಸಾಕು. ಮತ್ತೆ ಮತ್ತೆ ಥಿಯೇಟರಿಗೆ ಹೋದವರ ಲೆಕ್ಕ ನೋಡಿದರೆ ನಿಮ್ಮ ಮೊದಲ ಆಪರೇಷನ್ ಹೇಗಿದೆ ಅಂತ ಗೊತ್ತಾಗುತ್ತದೆ. ಯಾವ ಪಕ್ಷ, ಯಾವ ಊರು, ಯಾವ ಪಂಗಡ ಅಂತ ಮಾತ್ರ ಬರೆಯಬೇಡಿ. ಆ ಕಡತ ಯಾರ ಕೈಗೆ ಸಿಗುತ್ತದೋ ಗೊತ್ತಿಲ್ಲ.

ಹೋಗುವ ಮುಂಚೆ

ಇಂಥ ಕಡೆ ಸೂಪರ್ ಸ್ಪೆಷಲಿಸ್ಟಿಗಿಂತ ತಾಲ್ಲೂಕು ಆಸ್ಪತ್ರೆಯ ಎಲ್ಲಾ ಮಾಡುವ ಜನರಲ್ ಸರ್ಜನ್ ಜಾಸ್ತಿ ಉಪಯೋಗಕ್ಕೆ ಬರುತ್ತಾರೆ. ಯುದ್ಧ ಇದ್ದರೂ ಹೆರಿಗೆ ನಿಲ್ಲುವುದಿಲ್ಲ, ಅಪೆಂಡಿಕ್ಸ್ ನಿಲ್ಲುವುದಿಲ್ಲ. ಹತ್ತು ಸಿಸೇರಿಯನ್, ಒಂದೆರಡು ತಲೆಬುರುಡೆ ತೂತು ಮಾಡಿ ರಕ್ತ ತೆಗೆಯುವ ಆಪರೇಷನ್, ಚರ್ಮ ಕಸಿ, ಕಾಲು ಕತ್ತರಿಸುವುದು, ಎದೆಗೆ ಟ್ಯೂಬ್ ಹಾಕುವುದು, ಇಷ್ಟನ್ನು ಹೊರಡುವ ಮುಂಚೆ ಯಾರದ್ದಾದರೂ ಕೈಕೆಳಗೆ ಮಾಡಿ. ಸ್ಥಳೀಯ ಭಾಷೆಯಲ್ಲಿ "ನೋವು ಎಲ್ಲಿ", "ಉಸಿರು ಎಳೆ", "ನಿನ್ನ ಮಗು ಬದುಕಿದೆ" ಅನ್ನುವ ಮೂರು ಮಾತು ಕಲಿತುಕೊಳ್ಳಿ. ತಲೆಗೆ ಕಟ್ಟುವ ಲೈಟು, ಅದಕ್ಕೆ ಬ್ಯಾಟರಿ, ಎರಡು ಜೊತೆ ಕನ್ನಡಕ ಇಟ್ಟುಕೊಳ್ಳಿ. ಹೊಲಿಗೆ ದಾರ ಜಾಸ್ತಿ ಹೊತ್ತುಕೊಂಡು ಹೋಗಬೇಡಿ, ಅದು ಅಲ್ಲೇ ಇರುತ್ತದೆ, ನರ್ಸಮ್ಮನ ಬೀರುವಿನಲ್ಲಿ ಬೀಗ ಹಾಕಿ.